ಅಘನಾಶಿನಿಯ ಬಳಚು: ಪರಾವಲಂಬಿಗಳ ಹುಡುಕಾಟದ ಮೂರನೆಯ ಟಿಪ್ಪಣಿ

ಮಾರ್ಚ್‌ನಲ್ಲಿ ಅಘನಾಶಿನಿ ನದಿಯ 30 ಬಳಚುಗಳನ್ನು, ಅಂದರೆ ಮರಳಿನಲ್ಲಿ ಹುದುಗಿ ಬದುಕುವ ಚಿಪ್ಪುಜೀವಿಗಳನ್ನು, ಪರ್ಕಿನ್ಸಸ್ ಎಂಬ ಪರಾವಲಂಬಿಗಾಗಿ ಪರೀಕ್ಷಿಸಿ, ಕಳೆದ ಟಿಪ್ಪಣಿಯಲ್ಲಿ ‘ಪರ್ಕಿನ್ಸಸ್ ಇಲ್ಲ’ ಎಂದು ಬರೆದಿದ್ದೆ. ಅದನ್ನು ಈಗ ತಿದ್ದಬೇಕಾಗಿದೆ. ‘ನನಗೆ ಸಿಗಲಿಲ್ಲ’ ಎಂದಷ್ಟೇ ಬರೆಯಬೇಕಾಗಿತ್ತು. ಈ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ಎಂಬುದು ಏಪ್ರಿಲ್ ಅಮಾವಾಸ್ಯೆಯ ದೊಡ್ಡ ಇಳಿತದಂದು ಐಗಳಕೂರ್ವೆಯ ಸಮೀಪದ ಮರಳುದಿಬ್ಬಕ್ಕೆ ಹೋದಾಗಲೇ ನನಗೆ ತಿಳಿದದ್ದು.

ಹೊಸದಾಗಿ ಓದುವವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಪರ್ಕಿನ್ಸಸ್ ಎಂಬುದು ಚಿಪ್ಪುಜೀವಿಗಳ ದೇಹದಲ್ಲಿ ಬೆಳೆಯುವ ಏಕಕೋಶ ಪರಾವಲಂಬಿ. ಅಮೆರಿಕದ ಲೂಸಿಯಾನಾ ಕರಾವಳಿಯಲ್ಲಿ 1940ರ ದಶಕದಲ್ಲಿ ಸಿಂಪಿಗಳು ರಾಶಿರಾಶಿಯಾಗಿ ಸತ್ತಾಗ ಬೆಳೆಗಾರರು ತೈಲ ಕಂಪನಿಗಳನ್ನು ದೂರಿದ್ದರು. ಆ ವ್ಯಾಜ್ಯದಿಂದ ಹುಟ್ಟಿದ ಸಂಶೋಧನೆಯಲ್ಲಿ ಸಿಕ್ಕಿದ್ದು ಈ ಜೀವಿ, ಅದರ ಮೊದಲ ವಿವರಣೆ ಪ್ರಕಟವಾದದ್ದು 1950ರಲ್ಲಿ. ನಮ್ಮ ದೇಶದಲ್ಲಿಯೂ ಅದರ ಬಂಧುಗಳಿವೆ. ಆಗ್ನೇಯ ಕರಾವಳಿಯ ಮುತ್ತಿನ ಸಿಂಪಿಯಲ್ಲಿ ಪರ್ಕಿನ್ಸಸ್ ಓಲ್ಸೆನಿ ಇರುವುದು 2010ರಲ್ಲಿಯೂ, ಜನ ತಿನ್ನುವ ಸಿಂಪಿಯಾದ ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್‌ನಲ್ಲಿ ಪರ್ಕಿನ್ಸಸ್ ಬೈಹೈಯೆನ್ಸಿಸ್ ಇರುವುದು 2012ರಲ್ಲಿಯೂ ವರದಿಯಾದವು. ಹಾಗಿರುವಾಗ ಸಾವಿರಾರು ಮನೆಗಳ ಒಲೆ ಉರಿಸುವ ನಮ್ಮ ನದಿಯ ಬಳಚಿನಲ್ಲಿ ಏನಿದೆ ಎಂದು ನೋಡುವ ಕುತೂಹಲ ನನ್ನದು.

ನಾನು ಬಳಸುತ್ತಿರುವುದು 1952ರಲ್ಲಿ ಸ್ಯಾಮಿ ರೇ ರೂಪಿಸಿದ ಥಯೋಗ್ಲೈಕೊಲೇಟ್ ವಿಧಾನ. ಉಪ್ಪುನೀರಿನಲ್ಲಿ ಕರಗಿಸಿದ ಥಯೋಗ್ಲೈಕೊಲೇಟ್ ದ್ರವಕ್ಕೆ ಆಂಟಿಬಯೋಟಿಕ್ ಸೇರಿಸಿ, ಅದರಲ್ಲಿ ಕಿವಿರಿನ ಮತ್ತು ಕರುಳಿನ ತುಣುಕುಗಳನ್ನು ಮುಳುಗಿಸಿ, ಐದರಿಂದ ಏಳು ದಿನ ಕತ್ತಲಲ್ಲಿ ಇಡಬೇಕು. ಪರಾವಲಂಬಿಯ ಕೋಶಗಳಿದ್ದರೆ ಅವು ಅಲ್ಲಿ ಉಬ್ಬಿ ದೊಡ್ಡದಾಗುತ್ತವೆ. ಆಮೇಲೆ ಲೂಗಾಲ್‌ನ ಅಯೋಡಿನ್ ಹಾಕಿದರೆ ಕಡುನೀಲಿ ಗೋಲಿಗಳಂತೆ ಎದ್ದು ಕಾಣುತ್ತವೆ. ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೊಕ್ಲೇವ್ ಯಂತ್ರ ಇಲ್ಲದ ಕಾರಣ ದ್ರವವನ್ನು ಪ್ರೆಶರ್ ಕುಕ್ಕರಿನಲ್ಲಿ ಕುದಿಸುತ್ತೇನೆ. ಅದರ ವಾಸನೆ ಎಂಥದ್ದೆಂದರೆ ಆ ಕುಕ್ಕರನ್ನು ಮನೆಯವರು ಮತ್ತೆ ಅಡುಗೆಮನೆಯೊಳಕ್ಕೆ ಬಿಟ್ಟುಕೊಂಡಿಲ್ಲ. ಫೆಬ್ರವರಿಯ ಮೊದಲ 12 ಬಳಚುಗಳ ತುಣುಕುಗಳು ಬ್ಯಾಕ್ಟೀರಿಯಾ ಹತ್ತಿ ಮೂರನೆಯ ದಿನಕ್ಕೇ ಮೊಸರಿನಂತಾಗಿದ್ದವು. ಆಂಟಿಬಯೋಟಿಕ್ ಹಳೆಯದಾಗಿತ್ತು, ತಪ್ಪು ನನ್ನದೇ. ಮಾರ್ಚ್‌ನಲ್ಲಿ ನೀಲಿ ಚುಕ್ಕೆಗಳನ್ನು ಕಂಡು ಒಂದು ಸಂಜೆಯೆಲ್ಲ ಹಿಗ್ಗಿದ್ದೆ. ಕೋಶಭಿತ್ತಿಯಿಲ್ಲದ, ಅಂಚು ಅಂಕುಡೊಂಕಾದ ಆ ಚುಕ್ಕೆಗಳು ಬಳಚಿನ ಹೊಟ್ಟೆಯಲ್ಲಿದ್ದ ಆಹಾರದ ಪಿಷ್ಟವಾಗಿದ್ದವು. ಅಯೋಡಿನ್ ಹಾಕಿದರೆ ಪಿಷ್ಟ ನೀಲಿಯಾಗುತ್ತದೆಂದು ಮೂರು ದಶಕ ಮಕ್ಕಳಿಗೆ ಪಾಠ ಹೇಳಿದವನು ಇದನ್ನು ಮೊದಲೇ ಊಹಿಸಬೇಕಿತ್ತು!

ಈಗ ಲೆಕ್ಕಕ್ಕೆ ಬರೋಣ. ದಿಬ್ಬದ ಬಳಚುಗಳಲ್ಲಿ ನೂರಕ್ಕೆ 10ಕ್ಕೆ ಸೋಂಕಿದೆ ಎಂದಿಟ್ಟುಕೊಂಡರೆ, ಕಣ್ಣುಮುಚ್ಚಿ ಆರಿಸಿದ 30ರಲ್ಲಿ ಒಂದರಲ್ಲಿಯೂ ಸೋಂಕು ಕಾಣದಿರುವ ಸಂಭವ ನೂರಕ್ಕೆ ಸುಮಾರು 4 ಮಾತ್ರ. ಸೋಂಕು ನೂರಕ್ಕೆ 5 ಇದ್ದರೆ ಆ ಸಂಭವ 21ಕ್ಕೆ ಏರುತ್ತದೆ. ನೂರಕ್ಕೆ 2 ಮಾತ್ರ ಇದ್ದರೆ ಅರ್ಧಕ್ಕಿಂತ ಹೆಚ್ಚು ಸಲ ನಾನು ಬರಿಗೈಯಲ್ಲಿ ಮರಳುತ್ತೇನೆ. ಅಷ್ಟು ವಿರಳವಾದ ಸೋಂಕನ್ನು ಭರವಸೆಯಿಂದ ಹಿಡಿಯಲು ಸುಮಾರು 150 ಬಳಚುಗಳನ್ನು ಕೊಯ್ಯಬೇಕು. ಮಾರ್ಚ್‌ನ ಫಲಿತಾಂಶದ ಬೆಲೆ ಇಷ್ಟೇ. ಅದೂ ಮಾದರಿಯನ್ನು ನಿಜವಾಗಿಯೂ ಕಣ್ಣುಮುಚ್ಚಿ ಆರಿಸಿದ್ದರೆ.

ಆರಿಸಿರಲಿಲ್ಲ. ಆ 30 ಬಳಚುಗಳನ್ನು ದಡದಲ್ಲಿ ಮಾರಾಟಕ್ಕೆ ಸುರಿದಿದ್ದ ರಾಶಿಯಿಂದ ತಂದಿದ್ದೆ. ಇದನ್ನು ಏಪ್ರಿಲ್‌ನಲ್ಲಿ ಮಂಡಿಯುದ್ದ ನೀರಿನಲ್ಲಿ ನಿಂತು ಬಳಚು ತೆಗೆಯುತ್ತಿದ್ದ ಅಕ್ಕನೊಬ್ಬರಿಗೆ ಹೇಳಿದಾಗ ಅವರು ನಕ್ಕು, “ಮಾಸ್ತರ್ರೇ, ಬಾಯಿ ಬಿಟ್ಟದ್ದು, ಸೊರಗಿದ್ದು ಬುಟ್ಟಿಗೇ ಬರೂದಿಲ್ಲ, ನಾವು ಅಲ್ಲೇ ಒಗೀತೇವೆ” ಎಂದರು. ರೋಗಿಗಳನ್ನೆಲ್ಲ ನದಿಯಲ್ಲೇ ಬಿಟ್ಟು ಬಂದ ರಾಶಿಯಲ್ಲಿ ನಾನು ರೋಗ ಹುಡುಕಿದ್ದೆ ಎಂದಾಯಿತು.

ಆದ್ದರಿಂದ ಈ ಬಾರಿ ಎರಡು ಗುಂಪು ಮಾಡಿದೆ. ಮರಳಿನೊಳಗೆ ಹುದುಗಿದ್ದ 30 ಬಳಚುಗಳು ಒಂದು ಕಡೆ. ಮರಳಿನ ಮೇಲೆ ಬಿದ್ದಿದ್ದವು ಅಥವಾ ಮುಟ್ಟಿದರೂ ಚಿಪ್ಪು ಮುಚ್ಚದವು, ಸಿಕ್ಕಷ್ಟೂ, ಅಂದರೆ 22, ಇನ್ನೊಂದು ಕಡೆ. ಅಂದು ನೀರಿನ ಉಪ್ಪಿನಂಶ ಸಾವಿರಕ್ಕೆ 30ರ ಆಸುಪಾಸಿನಲ್ಲಿತ್ತು. ಪರ್ಕಿನ್ಸಸ್ ಬಿಸಿಯನ್ನೂ ಉಪ್ಪನ್ನೂ ಮೆಚ್ಚುವ ಜೀವಿಯಾದ್ದರಿಂದ ಹುಡುಕಾಟಕ್ಕೆ ಮಳೆಗಾಲದ ಮುಂಚಿನ ಈ ವಾರಗಳೇ ತಕ್ಕವು. ಅಣೆಕಟ್ಟಿಲ್ಲದ ಈ ನದಿಗೆ ಜೂನ್‌ನ ನೆರೆ ಬಂತೆಂದರೆ ಅಳಿವೆ ಹೆಚ್ಚುಕಡಿಮೆ ಸಿಹಿನೀರಾಗುತ್ತದೆ, ಆಗ ಬಳಚು ಸತ್ತರೂ ದೂರನ್ನು ಪರಾವಲಂಬಿಯ ಮೇಲೆ ಹೊರಿಸುವಂತಿಲ್ಲ.

ಎರಡೂ ಗುಂಪುಗಳಲ್ಲಿ ಕಡುನೀಲಿ ಗೋಲಿಗಳು ಕಾಣಲಿಲ್ಲ. ಆದರೆ ಎರಡನೆಯ ಗುಂಪಿನ ಎರಡು ಬಳಚುಗಳನ್ನು ತೆರೆದಾಗ, ಮೊಟ್ಟೆ ಅಥವಾ ವೀರ್ಯ ತುಂಬಿರಬೇಕಾದ ಜಾಗದಲ್ಲಿ ನೂಲಿನಂಥ ಬಿಳಿ ಕವಲುಗಳು ಹೆಣೆದುಕೊಂಡಿದ್ದವು. ಒಂದು ಎಳೆಯನ್ನು ಗಾಜಿನ ಮೇಲೆ ಒಡೆದಾಗ ಎರಡೆರಡು ಉದ್ದ ಬಾಲಗಳನ್ನು ಕುಗ್ಗಿಸಿ ಹಿಗ್ಗಿಸುತ್ತ ಮರಿಗಳು ಈಜಿ ಹೊರಬಂದವು. ಇವು ಬ್ಯೂಸೆಫಾಲಿಡ್ ಕುಟುಂಬದ ಚಪ್ಪಟೆಹುಳಗಳ ಮರಿಗಳು; ಬಳಚಿನಿಂದ ಸಣ್ಣ ಮೀನಿಗೆ, ಅದನ್ನು ತಿನ್ನುವ ದೊಡ್ಡ ಮೀನಿಗೆ ಸಾಗಿ ಅಲ್ಲಿ ಪ್ರೌಢವಾಗುತ್ತವೆ. ಅವು ಹೊಕ್ಕ ಬಳಚು ಬದುಕಿರುತ್ತದೆ, ಆದರೆ ಮರಿ ಹಾಕುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮರಳಿನೊಳಗಿನ 30ರಲ್ಲಿ ಇಂಥದು ಒಂದೂ ಇರಲಿಲ್ಲ. ಎರಡೇ ಬಳಚುಗಳಿಂದ ನಿಯಮ ಕಟ್ಟುವುದು ಸಲ್ಲದು. ಆದರೂ ಮೇಲೆ ಬಿದ್ದವುಗಳನ್ನು ಬೇರೆಯಾಗಿ ಎಣಿಸಬೇಕೆಂಬುದಕ್ಕೆ ನನಗೆ ಇಷ್ಟು ಸಾಕು.

‘ಹಾಗಾದರೆ ತಿನ್ನಬಹುದೇ?’ ಎಂದು ಕೇಳಿದವರಿಗೆ: ಪರ್ಕಿನ್ಸಸ್ಸಾಗಲಿ ಈ ಹುಳದ ಮರಿಗಳಾಗಲಿ ಮನುಷ್ಯರಿಗೆ ತಗಲುವಂಥವಲ್ಲ. ತಿನ್ನುವವರು ಚಿಂತಿಸಬೇಕಾದದ್ದು ನೀರಿಗೆ ಸೇರುವ ಮಲಿನದ ಬಗ್ಗೆ. ಅದನ್ನು ಅಳೆಯುವ ಪರೀಕ್ಷೆಯೇ ಬೇರೆ, ಈ ಕುಕ್ಕರಿನಿಂದ ಆಗುವ ಕೆಲಸವಲ್ಲ.

ಮೇ ಹುಣ್ಣಿಮೆಯ ಇಳಿತಕ್ಕೆ ಒಳಗಿನಿಂದ 60 ಬಳಚುಗಳನ್ನು, ಮೇಲಿನಿಂದ ಸಿಕ್ಕಷ್ಟನ್ನೂ ತರಬೇಕೆಂದಿದ್ದೇನೆ. ಗೋಲಿ ಸಿಕ್ಕರೂ ಅದು ಯಾವ ಪ್ರಭೇದವೆಂದು ಅಯೋಡಿನ್ ಹೇಳದು, ಅದಕ್ಕೆ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಬೇಕು. ಹಾಗಾಗಿ ಪ್ರತಿ ಬಳಚಿನ ಕಿವಿರಿನ ಒಂದೊಂದು ಚೂರನ್ನು ಎಥನಾಲ್‌ನಲ್ಲಿ ತೆಗೆದಿಡುತ್ತಿದ್ದೇನೆ. ಬಾಯಿ ಬಿಟ್ಟವುಗಳನ್ನು ಒಗೆಯದೆ ಬೇರೆ ಚೀಲದಲ್ಲಿ ಹಾಕಿಡಲು ಆ ಅಕ್ಕ ಒಪ್ಪಿದ್ದಾರೆ, ಚೀಲವನ್ನು ನಾನೇ ಒದಗಿಸಬೇಕೆಂಬ ಷರತ್ತಿನ ಮೇಲೆ.