ಮಂಡಕ್ಕಿ ಚೀಲಕ್ಕೆ ತೂತು

ಬೆಳಿಗ್ಗೆ ನೋಡಿದರೆ ಮಂಡಕ್ಕಿ ಚೀಲದ ಮೂಲೆಯಲ್ಲಿ ತೂತು. ಕಿರುಬೆರಳು ಹೋಗುವಷ್ಟು.

ಬೋನಿನಲ್ಲಿ ಮಿರ್ಚಿ ತುಂಡು ಇಟ್ಟಿದ್ದೆ. ಮೂಸಿಯೂ ನೋಡಿಲ್ಲ. ದಾವಣಗೆರೆ ಇಲಿಗೆ ಮಂಡಕ್ಕಿಯೇ ಬೇಕು, ಅಲ್ವಾ!

"ಬೆಕ್ಕು ಸಾಕೋಣ ಅಂದ್ರೆ ಕೇಳಲ್ಲ ನೀನು" ಅಂತ ಅಮ್ಮ.

ನನಗೆ ಮಾತ್ರ ಗೌಫ್ ದ್ವೀಪ ನೆನಪಾಯಿತು. ದಕ್ಷಿಣ ಅಟ್ಲಾಂಟಿಕ್ ಸಮುದ್ರದ ನಡುವೆ ಇದೆ. 19ನೇ ಶತಮಾನದಲ್ಲಿ ಸೀಲ್ ಅನ್ನೋ ಕಡಲಪ್ರಾಣಿಯ ಬೇಟೆಗಾರರ ಹಡಗು ಹತ್ತಿ ಅಲ್ಲಿಗೆ ಹೋಗಿದ್ದು ಇದೇ ಮನೆ ಇಲಿ. ಈಗ ಅಲ್ಲಿನದರ ತೂಕ ಹೆಚ್ಚುಕಡಿಮೆ ಎರಡರಷ್ಟು. ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿಯ ಮರಿಗಳನ್ನೇ ಕಚ್ಚಿ ತಿನ್ನುತ್ತದೆ. 2021ರಲ್ಲಿ ಹೆಲಿಕಾಪ್ಟರಿನಿಂದ ವಿಷ ಹಾಕಿದರೂ ಪೂರ್ತಿ ಹೋಗಲಿಲ್ಲ.

ಪೋರ್ಚುಗಲ್‌ನ ಮದೈರಾ ದ್ವೀಪದ ಕತೆ ಇನ್ನೂ ವಿಚಿತ್ರ. ಮಾಮೂಲಿ ಮನೆ ಇಲಿಯ ಜೀವಕೋಶದಲ್ಲಿ ವಂಶಗುಣ ಹೊರುವ ಎಳೆ, ಅಂದ್ರೆ ಕ್ರೋಮೋಸೋಮ್, 40. ಅಲ್ಲಿಯವುಗಳಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು 22ರಿಂದ 30ರೊಳಗೆ ಬಂದು ನಿಂತಿವೆ. ನಡುವೆ ಕಡಿದಾದ ಗುಡ್ಡ. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆ ಇಲ್ಲ. ನೋಡೋಕೆ ಮಾತ್ರ ಎಲ್ಲ ಸುಮ್ನೆ ಇಲಿ!

ನಮಗೂ ಪಕ್ಕದ ಮನೆಗೂ ಗೋಡೆ ಒಂದೇ. ಇಲ್ಲಿಯ ಇಲಿ ಅಲ್ಲಿ, ಅಲ್ಲಿಯದು ಇಲ್ಲಿ. ದ್ವೀಪ ಆಗೋ ಚಾನ್ಸೇ ಇಲ್ಲ.

ಸಂಜೆ ಮಂಡಕ್ಕಿಗೆ ಸ್ಟೀಲ್ ಡಬ್ಬಿ ತಂದೆ. ಮುಚ್ಚಳ ಸ್ವಲ್ಪ ಸಡಿಲ.