ಭಕ್ಷೀಸು: ಮೆಚ್ಚುಗೆಯೋ, ಸಂಬಳದ ಬಾಕಿಯೋ

ಹಲವು ವರ್ಷಗಳ ಹಿಂದೆ ಒಂದು ರಾತ್ರಿ, ಊಟ ಬರುವುದು ಮುಕ್ಕಾಲು ಗಂಟೆ ತಡವಾಯಿತೆಂಬ ಸಿಟ್ಟಿನಲ್ಲಿ, ಬಿಲ್ಲು ಕೊಟ್ಟು ಉಳಿದ ಚಿಲ್ಲರೆಯನ್ನು ಒಂದು ನಾಣ್ಯವನ್ನೂ ಬಿಡದೆ ಜೇಬಿಗೆ ಹಾಕಿಕೊಂಡು ಎದ್ದು ಬಂದಿದ್ದೆ. ಬಡಿಸಿದ ಹುಡುಗ ಏನೂ ಅನ್ನಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ. ಜೊತೆಗಿದ್ದ ಗೆಳೆಯ ಓದುವ ಕಾಲದಲ್ಲಿ ಎರಡು ವರ್ಷ ಬಡಿಸುವ ಕೆಲಸ ಮಾಡಿ ಫೀಸು ಕಟ್ಟಿದವನು. ಹೊರಗೆ ಬಂದ ಮೇಲೆ ಅವನು ಹೇಳಿದ: "ಇಬ್ಬರು ಅಡುಗೆಯವರು ಇರಬೇಕಾದ ಕಡೆ ಒಬ್ಬನೇ ಇದ್ದ. ಹಾಗೆ ಮಾಡಿದವನು ಮಾಲೀಕ. ನೀನು ದಂಡ ಹಾಕಿದ್ದು ಆ ಹುಡುಗನಿಗೆ." ಆ ಮಾತಿಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. ಟಿಪ್ಸ್ ಕೊಡುವುದು ಯಾವಾಗ ನಮ್ಮ ಇಷ್ಟ, ಯಾವಾಗ ನಮ್ಮ ಕರ್ತವ್ಯ ಎಂಬುದನ್ನು ನಾನು ಗಂಭೀರವಾಗಿ ಯೋಚಿಸತೊಡಗಿದ್ದು ಅಂದಿನಿಂದ.

ಈ ಹಣಕ್ಕೆ ಇರುವ ಹೆಸರುಗಳೆಲ್ಲ ಅದನ್ನು ಒಂದು ಸಣ್ಣ ಉಪಕಾರವೆಂದೇ ಬಿಂಬಿಸುತ್ತವೆ. ಪಾರಸಿಯಿಂದ ನಮಗೆ ಬಂದ ಭಕ್ಷೀಸು ಎಂಬ ಮಾತಿಗೆ ಕೊಡುಗೆ ಎಂದರ್ಥ. ಫ್ರೆಂಚರ ಪೂರ್‌ಬ್ವಾರ್, ಜರ್ಮನರ ಟ್ರಿಂಕ್‌ಗೆಲ್ಟ್ ಎರಡೂ ಕುಡಿಯುವುದಕ್ಕೆಂದು ಕೊಟ್ಟ ಕಾಸನ್ನೇ ಸೂಚಿಸುತ್ತವೆ. ನಾವು "ಕಾಫಿಗೆ ಇಟ್ಟುಕೊಳ್ಳಿ" ಎನ್ನುವ ಹಾಗೆಯೇ. ಕೊಡುವವನ ಸಂತೋಷ, ಪಡೆಯುವವನ ಒಂದು ಲೋಟ ಪಾನೀಯ, ಅಲ್ಲಿಗೆ ಮುಗಿಯಿತು ಎಂಬ ಭಾವ ಈ ಪದಗಳಲ್ಲಿದೆ. ಆದರೆ ಅದೇ ಕಾಸಿನಿಂದ ಒಬ್ಬರು ಮನೆ ಬಾಡಿಗೆ ಕಟ್ಟಬೇಕಾಗಿ ಬಂದಾಗ ಅದು ಕೊಡುಗೆಯಾಗಿ ಉಳಿಯುವುದಿಲ್ಲ. ಹೆಸರು ಮಾತ್ರ ಹಳೆಯದು, ಒಳಗಿನ ಲೆಕ್ಕ ಬೇರೆಯೇ.

ಈ ಲೆಕ್ಕ ಕಾನೂನಿನೊಳಗೇ ಸೇರಿಹೋದದ್ದನ್ನು ಕಾಣಬೇಕಾದರೆ ಅಮೆರಿಕವನ್ನು ನೋಡಬೇಕು. 1909ರಲ್ಲಿ ಅಲ್ಲಿನ ವಾಷಿಂಗ್ಟನ್ ರಾಜ್ಯ ಟಿಪ್ಸ್ ಪದ್ಧತಿಯನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು. ಪ್ರಜಾಪ್ರಭುತ್ವದಲ್ಲಿ ಒಬ್ಬ ಪ್ರಜೆ ಇನ್ನೊಬ್ಬನ ಮುಂದೆ ಕೈ ಚಾಚುವುದು ಸಲ್ಲದು ಎಂಬ ವಾದ ಆಗ ಬಲವಾಗಿತ್ತು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ಒಂದೊಂದಾಗಿ ರದ್ದಾದವು. ಅದೇ ಕಾಲದಲ್ಲಿ ಪುಲ್‌ಮನ್ ಕಂಪನಿಯ ಸ್ಲೀಪರ್ ರೈಲುಬೋಗಿಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನಾಂಗದ ಪೋರ್ಟರ್‌ಗಳಿಗೆ ಕಂಪನಿ ಅಲ್ಪ ಸಂಬಳ ಕೊಟ್ಟು, ಉಳಿದದ್ದನ್ನು ಪ್ರಯಾಣಿಕರ ಔದಾರ್ಯಕ್ಕೆ ಬಿಟ್ಟಿತ್ತು. ಹಾಸಿಗೆ ಹಾಸುವುದು, ಬೂಟು ಉಜ್ಜುವುದು, ಯಾವ ಹೆಸರಿನಿಂದ ಕರೆದರೂ ನಗುತ್ತಾ ಬರುವುದು, ಇವೆಲ್ಲ ಆ ಕಾಸಿಗಾಗಿ ಮಾಡಲೇಬೇಕಾದ ಕೆಲಸಗಳಾಗಿದ್ದವು. ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ಮುಂದಾಳತ್ವದಲ್ಲಿ 1925ರಲ್ಲಿ ಕಟ್ಟಿದ ಪೋರ್ಟರ್‌ಗಳ ಸಂಘ 12 ವರ್ಷ ಹೋರಾಡಿ, 1937ರಲ್ಲಿ ಕಂಪನಿಯೊಂದಿಗೆ ವೇತನದ ಒಪ್ಪಂದಕ್ಕೆ ಸಹಿ ಹಾಕಿಸಿತು. ಅವರು ಕೇಳಿದ್ದು ಹೆಚ್ಚು ಭಕ್ಷೀಸನ್ನಲ್ಲ, ಭಕ್ಷೀಸನ್ನು ನಂಬಿಕೊಂಡು ಬದುಕಬೇಕಾಗದ ಸಂಬಳವನ್ನು. ಈ ವಿಷಯದ ಬಗ್ಗೆ ಯಾರಾದರೂ ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ.

ಆದರೂ ದೇಶದ ಕಾನೂನು ಅವರ ದಾರಿಯಲ್ಲಿ ಸಾಗಲಿಲ್ಲ. ಗ್ರಾಹಕರು ಕೊಡುವ ಟಿಪ್ಸ್ ಅನ್ನು ಮಾಲೀಕರು ಕನಿಷ್ಠ ವೇತನದ ಒಂದು ಭಾಗವೆಂದು ಎಣಿಸಿಕೊಳ್ಳಲು ಅಲ್ಲಿನ ವೇತನ ಕಾನೂನಿಗೆ ತಂದ 1966ರ ತಿದ್ದುಪಡಿ ಅವಕಾಶ ಕೊಟ್ಟಿತು. ಇಂಥ ನೌಕರರಿಗೆ ಮಾಲೀಕರು ತಮ್ಮ ಕೈಯಿಂದ ಕೊಡಬೇಕಾದ ಗಂಟೆಯ ಕೂಲಿ ಕೇಂದ್ರ ಕಾನೂನಿನ ಪ್ರಕಾರ 2.13 ಡಾಲರ್, 1991ರಿಂದ ಈವರೆಗೆ ಅದು ಒಂದು ಸೆಂಟೂ ಏರಿಲ್ಲ. ಟಿಪ್ಸ್ ಸೇರಿಸಿದರೂ ಕೇಂದ್ರದ ಕನಿಷ್ಠ ವೇತನವಾದ ಗಂಟೆಗೆ 7.25 ಡಾಲರ್ ಮುಟ್ಟದಿದ್ದರೆ ಕೊರತೆಯನ್ನು ಮಾಲೀಕರೇ ತುಂಬಬೇಕೆಂದು ನಿಯಮವೇನೋ ಇದೆ; ಆದರೆ ತನ್ನ ಪಾಳಿಯನ್ನು ಹಂಚುವ ಮಾಲೀಕರ ಎದುರು ನಿಂತು ಆ ಕೊರತೆಯನ್ನು ಕೇಳುವ ಧೈರ್ಯ ಎಷ್ಟು ಜನರಿಗಿದ್ದೀತು? ಕ್ಯಾಲಿಫೋರ್ನಿಯಾ, ಮಿನ್ನೆಸೋಟದಂಥ ಕೆಲವು ರಾಜ್ಯಗಳು ಈ ಕಡಿತವನ್ನು ಒಪ್ಪದೆ ಪೂರ್ತಿ ಕನಿಷ್ಠ ವೇತನವನ್ನೇ ಕೊಡಿಸುತ್ತವೆ. ಉಳಿದ ಬಹುಪಾಲು ಕಡೆಗಳಲ್ಲಿ ಟಿಪ್ಸ್ ಕೊಡದೆ ಎದ್ದು ಹೋಗುವವನು ಊಟದ ಬೆಲೆಯ ಒಂದು ಪಾಲನ್ನು ಕೊಡದೆ ಹೋದಂತೆಯೇ ಎಂದು ನಾನು ಭಾವಿಸುತ್ತೇನೆ. ಪದ್ಧತಿ ಅನ್ಯಾಯದ್ದೇ ಸರಿ. ಆದರೆ ಆ ಅನ್ಯಾಯವನ್ನು ಪ್ರತಿಭಟಿಸಲು ಬಡಿಸುವವರ ಕೂಲಿಯನ್ನು ಹಿಡಿದಿಟ್ಟರೆ ಪೆಟ್ಟು ತಗಲುವುದು ಅವರಿಗೇ ಹೊರತು ಪದ್ಧತಿಗಲ್ಲ.

ಒಳ್ಳೆಯ ಸೇವೆಗೆ ಹೆಚ್ಚು, ಕೆಟ್ಟ ಸೇವೆಗೆ ಕಡಿಮೆ ಕೊಟ್ಟರೆ ತಾನೇ ಕೆಲಸ ಸುಧಾರಿಸುವುದು ಎಂದು ಹೇಳುವವರಿದ್ದಾರೆ. ನಾನೂ ಆ ರಾತ್ರಿ ಹಾಗೆಯೇ ನಂಬಿದ್ದೆ. ಟಿಪ್ಸ್ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಅವರು ಸೇವೆಯ ಗುಣಮಟ್ಟಕ್ಕೂ ಟಿಪ್ಸ್‌ನ ಮೊತ್ತಕ್ಕೂ ಇರುವ ಸಂಬಂಧ ತೀರಾ ದುರ್ಬಲವೆಂದು ತೋರಿಸಿದ್ದಾರೆ. ಜನ ಬಹುಮಟ್ಟಿಗೆ ಬಿಲ್ಲಿನ ಗಾತ್ರ ನೋಡಿ, ರೂಢಿಯಂತೆ ಕೊಡುತ್ತಾರೆ. ರೂಢಿಯನ್ನು ಮೀರಿ ಹೆಚ್ಚು ಕಡಿಮೆ ಮಾಡುವಾಗ ನಮ್ಮ ಮನಸ್ಸಿನ ಒಲವು, ಪೂರ್ವಗ್ರಹಗಳೂ ಸದ್ದಿಲ್ಲದೆ ಕೆಲಸ ಮಾಡುತ್ತವೆ: ಬಣ್ಣ, ರೂಪ, ವಯಸ್ಸು, ಮಾತಿನ ಧಾಟಿ. ಬಡಿಸುವ ಹೆಣ್ಣುಮಗಳೊಬ್ಬಳು ಗ್ರಾಹಕನ ಅಸಭ್ಯ ಮಾತನ್ನು ನಕ್ಕು ನುಂಗಬೇಕಾಗಿ ಬರುವುದು ಅವಳ ಆ ದಿನದ ಗಳಿಕೆ ಅವನ ಕೈಯಲ್ಲಿರುವುದರಿಂದ. ಈ ಒಂದು ಕಾರಣಕ್ಕಾಗಿಯೇ, ನನಗೆ ಸಿಟ್ಟು ಬಂದಾಗಲೂ ಸಂತೋಷವಾದಾಗಲೂ ಒಂದೇ ಪ್ರಮಾಣದಲ್ಲಿ ಕೊಡುವುದನ್ನು ನಾನು ರೂಢಿಸಿಕೊಂಡೆ. ದೂರು ಹೇಳಬೇಕಾದದ್ದು ಇದ್ದರೆ ಗಲ್ಲಾದಲ್ಲಿ ಕೂತವರಿಗೆ ಹೇಳುತ್ತೇನೆ.

ಬೇರೆ ದಾರಿಗಳೂ ಇವೆ. ಫ್ರಾನ್ಸಿನಲ್ಲಿ ಹೋಟೆಲಿನವರು ತೋರಿಸುವ ಬೆಲೆಯಲ್ಲಿ ಸೇವೆಯ ಶುಲ್ಕವೂ ಸೇರಿರಬೇಕೆಂಬ ನಿಯಮ 1987ರಿಂದ ಇದೆ. ಅಲ್ಲಿ ಮೇಜಿನ ಮೇಲೆ ಬಿಡುವ ಚಿಲ್ಲರೆ ನಿಜವಾದ ಅರ್ಥದಲ್ಲಿ ಮೆಚ್ಚುಗೆ. ಜಪಾನಿನಲ್ಲಿ ಕೊಡಹೋದರೆ ಬಿಟ್ಟುಹೋದ ಹಣವೆಂದು ಹಿಂದೆಯೇ ಓಡಿ ಬಂದು ಮರಳಿಸುವುದುಂಟು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನು ಟಿಪ್ಸ್ ಹಣವನ್ನು ಮಾಲೀಕರು ಹಿಡಿದುಕೊಳ್ಳದೆ ಪೂರ್ತಿಯಾಗಿ ನೌಕರರಿಗೆ ಹಂಚಬೇಕೆನ್ನುತ್ತದೆ. ಹಾಗೆಂದು ಪದ್ಧತಿಯನ್ನು ಒಬ್ಬ ಮಾಲೀಕ ಒಂಟಿಯಾಗಿ ಬದಲಿಸುವುದು ಸುಲಭವಲ್ಲ. ನ್ಯೂಯಾರ್ಕಿನ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ರೆಸ್ಟೋರೆಂಟುಗಳಲ್ಲಿ ಟಿಪ್ಸ್ ತೆಗೆದುಹಾಕಿ ಬೆಲೆ ಏರಿಸುವ ಪ್ರಯೋಗ ಆರಂಭಿಸಿದರು. ಅಡುಗೆಮನೆಯವರಿಗೂ ಬಡಿಸುವವರಿಗೂ ಇದ್ದ ಗಳಿಕೆಯ ಅಂತರ ಕಡಿಮೆಯಾಗಲಿ ಎಂಬುದು ಅವರ ಆಶಯವಾಗಿತ್ತು. ಗಳಿಕೆ ಇಳಿಯಿತೆಂದು ಬಡಿಸುವವರಲ್ಲಿ ಕೆಲವರು ಬಿಟ್ಟು ಹೋದರು, 2020ರಲ್ಲಿ ಟಿಪ್ಸ್ ಮರಳಿ ಬಂತು. ಅಕ್ಕಪಕ್ಕದವರೆಲ್ಲ ಕಡಿಮೆ ಬೆಲೆ ಬರೆದು ಉಳಿದದ್ದನ್ನು ಗ್ರಾಹಕರ ಮನಸ್ಸಿಗೆ ಬಿಟ್ಟಿರುವಾಗ, ನಿಜವಾದ ಬೆಲೆ ಬರೆದವನೇ ದುಬಾರಿಯವನಂತೆ ಕಾಣುತ್ತಾನೆ.

ಈಗ ಮೊಬೈಲಿನ ತೆರೆ ಸೇವೆ ಸಿಗುವ ಮೊದಲೇ ಟಿಪ್ಸ್ ಕೇಳುತ್ತದೆ. ಡೆಲಿವರಿ ಆ್ಯಪ್‌ಗಳಲ್ಲಿ ಮುಂಗಡವಾಗಿ ಒಪ್ಪಿಕೊಳ್ಳುವ ಮೊತ್ತ ಮೆಚ್ಚುಗೆಯೂ ಅಲ್ಲ, ಸಂಬಳವೂ ಅಲ್ಲ. ಆರ್ಡರನ್ನು ಯಾರಾದರೂ ಎತ್ತಿಕೊಳ್ಳಲಿ ಎಂದು ನಾವು ಕೂಗುವ ಹರಾಜಿನ ಬೆಲೆ ಅದು. ಅಮೆರಿಕದ ಡೋರ್‌ಡ್ಯಾಶ್ ಕಂಪನಿ ಗ್ರಾಹಕರ ಟಿಪ್ಸ್ ಅನ್ನು, ಡೆಲಿವರಿಯವರಿಗೆ ತಾನು ಕೊಡಬೇಕಾದ ಕನಿಷ್ಠ ಮೊತ್ತದ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಿತ್ತು. ಜನರ ಆಕ್ರೋಶದ ನಂತರ 2019ರಲ್ಲಿ ಆ ಕ್ರಮವನ್ನು ಕೈಬಿಟ್ಟಿತು. ಆದ್ದರಿಂದ ಮನೆ ಬಾಗಿಲಿಗೆ ಬಂದವರಿಗೆ ಸಾಧ್ಯವಾದಾಗಲೆಲ್ಲ ನಾನು ಕೈಗೇ ಕೊಡುತ್ತೇನೆ. ಮಳೆಯಲ್ಲಿ, ಮೆಟ್ಟಿಲು ಹತ್ತಿ ಬಂದವರಿಗೆ ಕೊಡುವಾಗ ಎರಡು ಯೋಚನೆ ಮಾಡುವುದಿಲ್ಲ. ಆದರೆ ಕೌಂಟರಿನಲ್ಲಿ ನಾನೇ ವಸ್ತುವನ್ನು ಎತ್ತಿಕೊಂಡು ಹಣ ಕಟ್ಟುವಾಗ ಯಂತ್ರ ತೋರಿಸುವ ಶೇಕಡಾವಾರುಗಳನ್ನು ಒತ್ತದೆ ಬರುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ, ಅದು ಕೆಲಸದವರಿಗೆ ತಲುಪುತ್ತದೆಯೇ ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಮ್ಯಾನೇಜರ್ ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳದೆ ಉಳಿಯುವವರು ವಸತಿಗೃಹಗಳಲ್ಲಿ ಕೋಣೆ ಸ್ವಚ್ಛ ಮಾಡುವವರು. ಬಾಗಿಲು ತೆರೆಯುವವನಿಗೆ, ಪೆಟ್ಟಿಗೆ ಹೊರುವವನಿಗೆ ಎದುರಿಗೇ ಇರುವ ಕಾರಣ ಎಲ್ಲರೂ ಕೊಡುತ್ತಾರೆ. ನಾವು ಹೊರಗೆ ಹೋದಾಗ ಬಂದು ನಮ್ಮ ಕೊಳೆಯನ್ನು ತೊಳೆದು ಹೋಗುವವರಿಗೆ ಕೊಡುವುದು ಅಪರೂಪ. ಹೊರಡುವ ದಿನ ಒಟ್ಟಿಗೆ ಇಟ್ಟರೆ ಅಂದು ಪಾಳಿಯಲ್ಲಿದ್ದವರಿಗೆ ಮಾತ್ರ ಸಿಗುತ್ತದೆ, ಹಿಂದಿನ ದಿನಗಳಲ್ಲಿ ದುಡಿದವರಿಗೆ ಇಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ಇಡುತ್ತೇನೆ. ಜೊತೆಗೆ "ಕೋಣೆ ಸ್ವಚ್ಛ ಮಾಡುವವರಿಗೆ" ಎಂದು ಬರೆದ ಚೀಟಿಯೊಂದು ಇರಲೇಬೇಕು, ಏಕೆಂದರೆ ಬರಹವಿಲ್ಲದ ಹಣವನ್ನು ಮುಟ್ಟಿದರೆ ಕಳ್ಳತನದ ಮಾತು ಬಂದೀತೆಂಬ ಭಯ ಅವರಿಗಿರುತ್ತದೆ. ಇದನ್ನು ಹೇಳಿಕೊಟ್ಟವನೂ ಅದೇ ಗೆಳೆಯ. ಅವನ ತಾಯಿ ಅಂಥದ್ದೇ ಒಂದು ಕಡೆ ಹನ್ನೊಂದು ವರ್ಷ ಕೆಲಸ ಮಾಡಿದ್ದರು. ಮೇಜಿನ ಮೇಲೆ ಬಿಟ್ಟಿದ್ದ ನೋಟುಗಳನ್ನು ಸರಿಸಿ, ಅಡಿಯ ಧೂಳು ಒರೆಸಿ, ಇದ್ದಲ್ಲಿಯೇ ಇಟ್ಟು ಬರುತ್ತಿದ್ದರಂತೆ.