ಹೊನ್ನೆ ಲೋಟದ ನೀರು

ಆ ಲೋಟವನ್ನು ಅಪ್ಪ ತಂದಿದ್ದು ದುಗ್ಗಮ್ಮನ ಜಾತ್ರೆಯಲ್ಲಿ. ನಮ್ಮ ದಾವಣಗೆರೆಯಲ್ಲಿ ಈ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಾನು ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬರೋಷ್ಟರಲ್ಲಿ ಅವರ ಚೌಕಾಸಿ ಮುಗಿದಿತ್ತು. "ಹೊನ್ನೆ ಮರದ್ದು. ರಾತ್ರಿ ನೀರು ಹಾಕಿಡೋದು, ಬೆಳಿಗ್ಗೆ ಕುಡಿಯೋದು. ಸಕ್ಕರೆ ಇಳಿಯುತ್ತಂತೆ" ಅಂದರು.

ನಾನು ನಕ್ಕೆ. ಮರುದಿನ ಅಡುಗೆಮನೆಗೆ ಹೋದರೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅಪ್ಪ ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಕಿಟಕಿ ಬಿಸಿಲಿಗೆ ಹಿಡಿದರು. ಕಂದು ನೀರಿನ ಅಂಚಿನಲ್ಲಿ ತಿಳಿ ನೀಲಿ ಹೊಳಪು! ಒಂದು ಗುಟುಕು ನಾನೂ ಕುಡಿದೆ. ನಾಲಿಗೆ ಹಿಡಿಯುವಂಥ ಒಗರು.

ನಮ್ಮ ಮನೆಗೆ ಮರದ ಮದ್ದು ಹೊಸದೇನಲ್ಲ. ಜಗಳೂರು ಕಡೆಯ ನಮ್ಮಜ್ಜಿ ಕೊನೆವರೆಗೂ ಹಲ್ಲುಜ್ಜಿದ್ದು ಬೇವು, ಜಾಲಿ ಕಡ್ಡಿಯಲ್ಲೇ. ನೆಗಡಿಯಾದರೆ ಲಕ್ಕಿ ಸೊಪ್ಪಿನ ಹಬೆ, ತುರಿಗಜ್ಜಿಗೆ ಹೊಂಗೆ ಎಣ್ಣೆ. ಆದರೆ ಹೊನ್ನೆ ನಮ್ಮ ಬಯಲುಸೀಮೆ ಕಡೆ ಕಾಣಸಿಗೋದು ಕಡಿಮೆ. ತೊಗಟೆಗೆ ಕೊಡಲಿ ಏಟು ಬಿದ್ದರೆ ರಕ್ತದಂಥ ಕೆಂಪು ಅಂಟು ಸುರಿಸುವ ಮರ ಅದು. ಆಯುರ್ವೇದದಲ್ಲಿ ಅದಕ್ಕೆ ವಿಜಯಸಾರ ಅಂತಾರೆ.

ಮಾತ್ರೆ ನುಂಗಿದರೆ ಏನಾಯಿತು ಅಂತ ಕಣ್ಣಿಗೆ ಕಾಣಲ್ಲ. ಈ ನೀರು ದಿನಾ ಬಣ್ಣ ತೋರಿಸುತ್ತೆ. ಅಪ್ಪ ನಂಬಿದ್ದು ಆ ಬಣ್ಣವನ್ನ ಅನ್ಸುತ್ತೆ. ತಿಂಗಳು ಕಳೆದ ಮೇಲೆ ಬಣ್ಣ ತೆಳುವಾಯಿತು. ಮರದಲ್ಲಿದ್ದ ಸಾರ ಇಳಿದು ಹೋಗಿತ್ತು, ಅಷ್ಟೇ. ಅಪ್ಪ ಮಾತ್ರ, "ನೋಡು, ಮೈಯಲ್ಲಿ ಸಕ್ಕರೆ ಕಮ್ಮಿ ಆದಂಗೆ ನೀರೂ ತಿಳಿ ಆಗ್ತಾ ಬಂತು" ಅಂದರು. ಅದ್ಯಾವ ಲೆಕ್ಕವೋ!

ಆಮೇಲೆ ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ ಶುರುವಾಯಿತು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಒಂದು ಸೋಮವಾರ ಬಲವಂತವಾಗಿ ಲ್ಯಾಬಿಗೆ ಕರ್ಕೊಂಡು ಹೋದೆ. ಖಾಲಿ ಹೊಟ್ಟೆಯಲ್ಲೇ 268. ಆಗ ಬಾಯಿ ಬಿಟ್ಟರು: ಐದು ವಾರದಿಂದ ಮಾತ್ರೆಯನ್ನೇ ಮುಟ್ಟಿಲ್ಲ. ಅಮ್ಮನಿಗೆ ಕಾಣಲಿ ಅಂತ ದಿನಾ ಒಂದೊಂದು ಬಿಡಿಸಿ ತುಳಸಿ ಕುಂಡಕ್ಕೆ ಹಾಕುತ್ತಿದ್ದರಂತೆ. ನನಗೆ ಸಿಟ್ಟು ಬಂತು. ಜಾಸ್ತಿ ಸಿಟ್ಟು ನನ್ನ ಮೇಲೇ. ದಿನಾ ಲೋಟ ನೋಡಿದ್ದೆ, ಮಾತ್ರೆ ತಗೊಂಡ್ರಾ ಅಂತ ಒಂದು ದಿನ ಕೇಳಿರಲಿಲ್ಲ.

ಡಾಕ್ಟರು ಬೈತಾರೆ ಅಂದುಕೊಂಡಿದ್ದೆ. ಅವರು ಲೋಟದ ಕತೆ ಪೂರ್ತಿ ಕೇಳಿದರು. ಹೊನ್ನೆ ಸುಮ್ನೆ ಕಟ್ಟುಕತೆ ಅಲ್ಲ, ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರೇ ಪರೀಕ್ಷೆ ಮಾಡಿ 1998ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ ಅಂದರು. ಆದರೆ ಅದು ಆಗಷ್ಟೇ ಸಕ್ಕರೆ ಕಾಣಿಸಿಕೊಂಡವರ ಮೇಲೆ, ಅಳೆದು ತೂಗಿ ಕೊಟ್ಟ ಔಷಧಿ. "ನಿಮಗೆ ಹದಿನಾಲ್ಕು ವರ್ಷದ ಕಾಯಿಲೆ ಯಜಮಾನ್ರೇ. ಲೋಟದಲ್ಲಿ ಎಷ್ಟು ಸಾರ ಇಳಿಯಿತು ಅಂತ ಅಳೆಯೋರ್ಯಾರು?" ಅಪ್ಪ ಮಾತಾಡಲಿಲ್ಲ. ದಾರಿಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಬಂದಾಗಲೂ ಆ ಕಡೆ ತಿರುಗಲಿಲ್ಲ!

ನೀರು ಹಾಕದೆ ಬಿಟ್ಟ ಲೋಟ ಆ ಬೇಸಿಗೆಯಲ್ಲೇ ಸೀಳಿತು. ಅಮ್ಮ ಎಸೆಯಲು ಹೋದರೆ ಅಪ್ಪ ಬಿಡಲಿಲ್ಲ. ಈಗ ಅವರ ಮಾತ್ರೆ ಹಾಳೆಗಳೆಲ್ಲ ಅದರಲ್ಲೇ ಇರುತ್ತವೆ. ತೆಗೆದಾಗ ಒಂದಿಷ್ಟು ಕೆಂಪು ಪುಡಿ ಬೆರಳಿಗೆ ಅಂಟುತ್ತದೆ.